ದೊಡ್ಡವ್ವ ಕೇಳಿದ ಸಹಿ

ಹಿತ್ತಲಲ್ಲಿ ಹತ್ತಿ ಕಟಗಿಯ ಬೆಂಕಿ ಹಾಕಿಕೊಂಡು ಕೂತಿದ್ದೆವು. ಧನುರ್ಮಾಸದ ಚಳಿ. ಹುಬ್ಬಳ್ಳಿಯಿಂದ ಬಂದ ಮೊಮ್ಮಕ್ಕಳು ಶೇಂಗಾ ಸುಟ್ಟುಕೊಂಡು ತಿನ್ನುತ್ತಿದ್ದರು. ಇನ್ನೇನು ಏಳೋಣ ಎನ್ನುವಾಗ ದೊಡ್ಡವ್ವ ಒಂದು ಕೊಡ ನೀರು ತಂದು ಬೆಂಕಿಯ ಮೇಲೆ ಸುರಿದಳು. ಕೋಲಿನಿಂದ ಕೆದಕಿದಳು, ಮತ್ತೆ ಸುರಿದಳು. ಆಮೇಲೆ ಬಗ್ಗಿ ಅಂಗೈಯನ್ನು ಬೂದಿಗೆ ಹತ್ತಿರ ಹಿಡಿದು ನೋಡಿ, "ಹ್ಞಾಂ, ಈಗ ಮಲಗ್ರಿ" ಎಂದಳು. ಮಕ್ಕಳಿಗೆ ನಗು. ಇಷ್ಟು ಸಣ್ಣ ಬೆಂಕಿಗೆ ಎರಡು ಕೊಡ ನೀರೇ?

ಆ ನಗುವಿಗೆ ಉತ್ತರವಾಗಿ ಮರುದಿನ ಸಂಜೆ ಅದೇ ಜಾಗದಲ್ಲಿ ಹೊಸ ಬೆಂಕಿ ಹಾಕಿಕೊಂಡು ನಾನು ಹೇಳಿದ್ದು ಈ ಕಥೆ. ನಾನು ಹೇಳಿದ್ದೆ ಎಂದರೆ ಪೂರ್ತಿ ನಿಜವಲ್ಲ. ದೊಡ್ಡವ್ವ ಪಕ್ಕದಲ್ಲೇ ಇದ್ದಳು, ತಪ್ಪಿದಲ್ಲೆಲ್ಲ ತಿದ್ದಿದಳು. ಆಕೆಯ ವಯಸ್ಸು ಎಪ್ಪತ್ತೈದರ ಆಚೆ, ಎಷ್ಟು ಆಚೆ ಎಂಬುದು ಆಕೆಗೂ ಗೊತ್ತಿಲ್ಲ. ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು, ಆದರೂ ಆಕೆಯ ಪಾಲಿಗೆ ಇನ್ನೂ "ತಮ್ಮಾ".

ಅದು ಮಾರ್ಚ್ ಕೊನೆ. ಯಾವ ವರ್ಷ ಎಂದು ಹೇಳುವುದಿಲ್ಲ. ಹೇಳಿದ ಕೂಡಲೇ ಆಗ ಯಾರು ಅಧಿಕಾರದಲ್ಲಿದ್ದರು, ಯಾವ ಪಕ್ಷ ಎಂಬ ಲೆಕ್ಕ ಶುರುವಾಗಿ ಕಥೆ ಅಲ್ಲಿಗೇ ನಿಂತುಬಿಡುತ್ತದೆ. 2023ರ ಆಚೆಯ ಒಂದು ಬೇಸಿಗೆ ಎಂದಷ್ಟೇ ಇಟ್ಟುಕೊಳ್ಳಿ. ಹಿಂಗಾರಿ ಬಿಳಿಜೋಳ ಕೊಯ್ದು ರಾಶಿಯಾಗಿತ್ತು. ಎಲ್ಲರ ಹಿತ್ತಲಲ್ಲೂ ಕಣಿಕಿಯ ಬಣವಿ, ಅದರ ಮಗ್ಗುಲಲ್ಲಿ ಶೇಂಗಾ ಹೊಟ್ಟಿನ ರಾಶಿ. ಚಳಿಗಾಲಕ್ಕೆ ಬಂದಿದ್ದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಗೆ ಹೊರಟುಹೋಗಿದ್ದವು. ಕೆರೆ ಬಿಕೋ ಎನ್ನುತ್ತಿತ್ತು, ನೀರು ದಂಡೆ ಬಿಟ್ಟು ಒಳಗೆ ಸರಿದಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಕಪ್ಪತಗುಡ್ಡದ ದಿಕ್ಕಿನಿಂದ ಗಾಳಿ ಎದ್ದಿತು. ಈ ಸೀಮೆಯ ಗಾಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಗಿರಣಿಗಳೇ ಸಾಕ್ಷಿ. ಜೋತುಬಿದ್ದಿದ್ದ ಎರಡು ತಂತಿ ಒಂದಕ್ಕೊಂದು ತಾಗಿದವು. ಚಟ್ ಎಂಬ ಸದ್ದು ಕೇಳಿದವರಿದ್ದಾರೆ, ಕಿಡಿ ಬಿದ್ದದ್ದನ್ನು ಕಂಡವರಿಲ್ಲ. "ನಾ ಕಂಡೀನಿ" ಎಂದಳು ದೊಡ್ಡವ್ವ. ಇರಲಿ, ಆಕೆ ಕಂಡಿದ್ದಾಳೆ.

ಬೆಂಕಿ ಹತ್ತಿದ್ದು ಆಕೆಯ ಬಣವಿಗೇ.

ಬಣವಿ ಒಟ್ಟುವುದು ಒಂದು ವಿದ್ಯೆ. ಸಿವುಡುಗಳನ್ನು ಹೊರಮುಖವಾಗಿ ಇಳಿಜಾರು ಕೊಟ್ಟು ಒಟ್ಟುತ್ತಾರೆ, ಮೇಲೆ ಗೋಪುರದ ಹಾಗೆ ಮುಚ್ಚುತ್ತಾರೆ. ಎಷ್ಟೇ ಮಳೆ ಬಿದ್ದರೂ ಹನಿ ಒಳಗಿಳಿಯದೆ ಜಾರಿ ಹೋಗಬೇಕು. ದೊಡ್ಡವ್ವನ ಮಗ ಆ ವಿದ್ಯೆಯಲ್ಲಿ ಊರಿಗೇ ಹೆಸರಾದವನು. ಆ ದಿನ ಅದೇ ನಮಗೆ ಶತ್ರುವಾಯಿತು. ನಾವು ಎರಚಿದ ನೀರೂ ಮಳೆ ನೀರಿನ ಹಾಗೇ ಜಾರಿ ನೆಲಕ್ಕೆ ಬೀಳುತ್ತಿತ್ತು. ಬೆಂಕಿ ಒಳಗೆ ಬೆಚ್ಚಗೆ ಕೂತು ತಿನ್ನುತ್ತಿತ್ತು. ಹೊರಗೆ ಆರಿದ ಹಾಗೆ ಕಂಡ ಮಗ್ಗುಲು ಗಳಿಗೆಯಲ್ಲಿ ಮತ್ತೆ ಭುಗ್ಗೆನ್ನುತ್ತಿತ್ತು.

ಇನ್ನೊಂದು ಫಜೀತಿ ಕೇಳಿ. ತಂತಿಯಿಂದ ಕಿಡಿ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಯಾರೋ ಜಾಣರು ಲೈನ್‌ಮನ್‌ಗೆ ಫೋನ್ ಹಚ್ಚಿ ಕರೆಂಟ್ ತೆಗೆಸಿದರು. ಮಾಡಬೇಕಾದದ್ದೇ. ಆದರೆ ಕರೆಂಟ್ ಹೋದ ಮೇಲೆ ಬೋರು ಎಲ್ಲಿ ನೀರೆತ್ತೀತು? ಮನೆಮನೆಯ ಹಂಡೆ, ದನದ ಬಾನಿ, ಕಡೆಗೆ ಕುಡಿಯುವ ನೀರಿನ ಕೊಡಗಳೂ ಬರಿದಾದವು. ಪಂಚಾಯಿತಿಯ ಟ್ಯಾಂಕರ್ ಬಂತು, ಹತ್ತು ನಿಮಿಷದಲ್ಲಿ ಅದೂ ಖಾಲಿ. ಊರ ಕೆರೆ 134 ಎಕರೆಯದು. 2024ರ ಜನವರಿಯಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿನ ನಕಾಶೆಗೆ ಏರಿದ ಜಾಗ. ಅಷ್ಟು ದೊಡ್ಡ ನೀರನ್ನು ಮಗ್ಗುಲಲ್ಲಿಟ್ಟುಕೊಂಡು ನಾವು ಕೊಡ ಹಿಡಿದು ಕೆಸರಲ್ಲಿ ಓಡುತ್ತಿದ್ದೆವು. ಹೆಂಗಸರು ದಂಡೆಯಿಂದ ಹಿತ್ತಲವರೆಗೆ ಸಾಲು ನಿಂತರು. ದೊಡ್ಡವ್ವ ಸಾಲಿನ ತುದಿಯಲ್ಲಿ ನಿಂತು ಎಣಿಸುತ್ತಿದ್ದಳು. ಯಾಕೆ ಎಣಿಸಿದೆ ಎಂದು ಆಮೇಲೆ ಕೇಳಿದರೆ, "ಎಣಿಸಲಿಲ್ಲಂದ್ರ ಅಳು ಬರತಿತ್ತು" ಎಂದಳು.

ಅಷ್ಟರಲ್ಲಿ ನಾನು ಫೋನ್ ಹಚ್ಚಿದ್ದೆ. ಎತ್ತಿದ ಹುಡುಗಿ ನಯವಾಗಿ ಕೇಳಿದಳು: "ಯಾವ ಮಾಗಡಿ ಸರ್, ಬೆಂಗಳೂರು ಹತ್ತಿರದ್ದಾ?"

ಅವಳದೇನು ತಪ್ಪು? ಕೆಂಪೇಗೌಡರ ಮಾಗಡಿ ನಾಡಿಗೇ ಗೊತ್ತು. ನಮ್ಮದನ್ನು ಬಲ್ಲವರು ಹಕ್ಕಿ ನೋಡುವವರು ಮಾತ್ರ. ಜಿಲ್ಲೆ ಗದಗ, ತಾಲ್ಲೂಕು ಶಿರಹಟ್ಟಿ, ಗದಗಿನಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8 ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಭೂಗೋಳದ ಮಾಸ್ತರನಾಗಿದ್ದಕ್ಕೆ ಅಷ್ಟಾದರೂ ಉಪಯೋಗ. ಠಾಣೆಯೊಂದಕ್ಕೆ ಸಂಪರ್ಕ ಸಿಕ್ಕಿತು. ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದವರು ಮಾಡಿದ್ದು ಮುಂದೆ ಗೊತ್ತಾಗುತ್ತದೆ, ಅವರ ಮೇಲೆ ಒಂದು ಕಲ್ಲೂ ಬೀಳಬಾರದು.

"ಮಾಸ್ತರ್ರೀ, ನಾವು ಆರು ಮಂದಿ ಅದೀವಿ," ಎಂದಿತು ಆ ಕಡೆಯ ದನಿ. "ಗಾಡಿ ಇಲ್ರಿ."

ಬೇರೆ ಕಡೆ ಹೋಗಿದೆಯೇನೋ ಎಂದುಕೊಂಡೆ. ಹಾಗಲ್ಲ. ಗಾಡಿಗೆ ಹದಿನೈದು ವರ್ಷ ತುಂಬಿದ್ದರಿಂದ ರಸ್ತೆಗೆ ಇಳಿಸುವ ಹಾಗಿಲ್ಲವಂತೆ. ಬಾಜೂ ತಾಲ್ಲೂಕಿನ ಗಾಡಿಗೆ ಹೇಳುತ್ತೇವೆ, ಬರುತ್ತದೆ ಎಂದರು.

ಅರ್ಧ ತಾಸಿನೊಳಗೆ ಒಂದು ಮೋಟಾರ್ ಸೈಕಲ್ ಬಂತು. ಅದರ ಮೇಲೆ ಖಾಕಿ ತೊಟ್ಟ ಇಬ್ಬರು. ಹಿಂದೆ ಕೂತವನ ಹೆಗಲ ಮೇಲೆ ಉದ್ದನೆಯ ಕೊಕ್ಕೆ. ಬೆಂಕಿ ಆರಿಸುವವರು ಬೈಕಿನಲ್ಲಿ ಬರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೀರಿಲ್ಲ, ಪಂಪಿಲ್ಲ, ಗಂಟೆಯೂ ಇಲ್ಲ. ಇಳಿದ ಕೂಡಲೇ ಅವರು ಮಾಡಿದ ಕೆಲಸ ನಮಗ್ಯಾರಿಗೂ ಹೊಳೆದಿರಲಿಲ್ಲ. ಉರಿಯುವ ಬಣವಿಗೆ ನೀರು ಹಾಕುವುದನ್ನು ನಿಲ್ಲಿಸಿ, ಪಕ್ಕದ ಬಣವಿಗಳನ್ನು ನೆನೆಸಿ ಎಂದರು. ಹತ್ತಿದ್ದನ್ನು ಬಿಟ್ಟು ಹತ್ತದ್ದನ್ನು ಉಳಿಸುವ ಲೆಕ್ಕ. ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿಯನ್ನು ಕರೆಸಿ ನಡುವೆ ದಾರಿ ಬಿಡಿಸಿದರು. ಕೊಕ್ಕೆಯಿಂದ ಸಿವುಡು ಎಳೆದೆಳೆದು ಹರವಿದರು. ಕಿರಿಯವನ ಹುಬ್ಬು ಸುಟ್ಟುಹೋಗಿತ್ತು.

ದೊಡ್ಡವ್ವ ಅವನಿಗೆ ಒಂದು ತಂಬಿಗೆ ನೀರು ಕೊಟ್ಟು ಕೇಳಿದಳು. ಈ ಸಂಭಾಷಣೆಯನ್ನು ಆಕೆ ಎಷ್ಟು ಸಲ ಹೇಳಿದ್ದಾಳೆಂದರೆ ಈಗ ಊರ ಮಕ್ಕಳಿಗೂ ಬಾಯಿಪಾಠ.

"ಗಾಡಿ ಎಲ್ಲೈತಿ ಯಪ್ಪಾ?"

"ಠಾಣೇದಾಗ ಐತಿ ಯವ್ವಾ."

"ಕೆಟ್ಟೈತೇನು?"

"ಕೆಟ್ಟಿಲ್ಲ. ಮುಂಜಾನೆ ಚಾಲೂ ಮಾಡಿ ಒರಸಿ ಬಂದೀನಿ."

"ಚಾಲೂ ಆಗೂ ಗಾಡಿ ಬಿಟ್ಟು ಫಟಫಟಿ ಮ್ಯಾಲ ಬಂದಿ?"

ಅವನು ನೀರು ಕುಡಿದು ತಂಬಿಗೆ ಕೆಳಗಿಟ್ಟ. ಏನೂ ಹೇಳಲಿಲ್ಲ.

ಬಾಜೂ ತಾಲ್ಲೂಕಿನ ಗಾಡಿ ಬಂದಾಗ ಫೋನ್ ಹಚ್ಚಿ ಒಂದು ತಾಸು ಹತ್ತು ನಿಮಿಷವಾಗಿತ್ತು. ಹಳ್ಳಿಗಾಡಿನಲ್ಲಿ ಬೆಂಕಿಯ ಗಾಡಿ 20 ನಿಮಿಷದೊಳಗೆ ಮುಟ್ಟಬೇಕು, ಪಟ್ಟಣದಲ್ಲಿ ಐದರಿಂದ ಏಳು ನಿಮಿಷದೊಳಗೆ ಎಂದು ದೇಶದ ಅಗ್ನಿಶಾಮಕ ಸಲಹಾ ಮಂಡಳಿಯೇ ಹಿಂದೆ ಅಳತೆ ಹಾಕಿಕೊಟ್ಟಿದೆ ಎಂಬುದನ್ನು ನಾನು ಓದಿದ್ದು ಆಮೇಲೆ. ಗಾಡಿಯವರು ಬಂದವರೇ ಕತ್ತಲಾಗುವವರೆಗೆ ಬೂದಿಗೆ ನೀರು ಹೊಡೆದರು, ಒಳಗಿನ ಕೆಂಡ ರಾತ್ರಿ ಮತ್ತೆ ಏಳಬಾರದೆಂದು. ಮೂರು ಬಣವಿ ಹೋದವು, ನಾಲ್ಕು ಉಳಿದವು. ಉಳಿದ ನಾಲ್ಕೂ ಆ ಬೈಕಿನವರ ಪುಣ್ಯ. ದೊಡ್ಡವ್ವನ ಜೋಡೆತ್ತಿನಲ್ಲಿ ಒಂದಕ್ಕೆ ಬೆನ್ನು ಸುಟ್ಟಿತ್ತು. ಹಗ್ಗ ಕೊಯ್ಯಲು ಹೋದವನ ಕೈಗೆ ಕುಡುಗೋಲು ಸಿಗುವುದು ತಡವಾಗಿತ್ತು. ಮೂರನೇ ದಿನ ಅದು ಸತ್ತಿತು. ಇಲ್ಲಿಗೆ ಬಂದಾಗ ದೊಡ್ಡವ್ವ ತಿದ್ದಲಿಲ್ಲ, ಬೆಂಕಿಗೆ ಕಟಗಿ ದೂಡಿದಳು.

ಎತ್ತು ಸತ್ತ ದಿನವೇ ಸಾಹೇಬರು ಬಂದರು.

ಸಾಹೇಬರು ಎಂದರೆ ನಮ್ಮ ಕಡೆ ಯಾವ ಕುರ್ಚಿಯವರೂ ಆಗಬಹುದು. ಇಲ್ಲಿ ಅವರಿಗೆ ಅಷ್ಟೇ ಹೆಸರು ಸಾಕು. ನಮ್ಮ ಶಿರಹಟ್ಟಿ ಕ್ಷೇತ್ರಕ್ಕೆ ಒಂದು ಜಂಬವಿತ್ತು, ನಿಮಗೂ ಗೊತ್ತಿರಬಹುದು: ಇಲ್ಲಿ ಯಾವ ಪಕ್ಷ ಗೆಲ್ಲುತ್ತದೋ ಬೆಂಗಳೂರಿನಲ್ಲಿ ಅದೇ ಪಕ್ಷದ ಸರಕಾರ ಎಂಬ ಮಾತು. ಪ್ರತಿ ಚುನಾವಣೆಗೂ ಪತ್ರಿಕೆಯವರು ಬಂದು ಅದನ್ನೇ ಬರೆದು ಹೋಗುತ್ತಿದ್ದರು. 2023ರಲ್ಲಿ ಆ ಮಾತು ಸುಳ್ಳಾಯಿತು. ಸರಕಾರವನ್ನೇ ಆರಿಸಿ ಕಳಿಸುತ್ತೇವೆ ಎಂದು ಅಷ್ಟು ವರ್ಷ ಮೀಸೆ ತಿರುವಿದ ನಾವು, ಕಳಿಸಿದವರನ್ನು ಮರಳಿ ಕರೆದು ಒಂದು ಪ್ರಶ್ನೆ ಕೇಳಿದ್ದು ಮಾತ್ರ ನನಗೆ ನೆನಪಿಲ್ಲ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ಆ ದಿನವೂ ಸಾಹೇಬರ ಕಾರಿನ ಬಾಗಿಲು ತೆಗೆದವನು ನಾನೇ.

ಅವರು ಸುಟ್ಟ ಜಾಗ ನೋಡಿದರು, ಮರುಗಿದರು. ಮರುಕ ಸುಳ್ಳಾಗಿರಲಿಲ್ಲ, ಅವರೂ ಬೇಸಾಯದ ಮನೆಯಿಂದಲೇ ಬಂದವರು. ತಲಾಟಿಗೆ ಪಂಚನಾಮೆ ಬೇಗ ಮುಗಿಸಲು ಹೇಳಿದರು. ಸ್ವಂತ ಕಿಸೆಯಿಂದ ಮೂರೂ ಮನೆಗೆ ಐದೈದು ಸಾವಿರ ಕೊಟ್ಟರು. ಎಲ್ಲರೂ ಕೈ ಮುಗಿದರು. ದೊಡ್ಡವ್ವ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡಳು, ಗಂಟು ಬಿಗಿದಾದ ಮೇಲೆ ಕೇಳಿದಳು:

"ಗಾಡಿ ಓಡಬಾರದು ಅಂತ ಯಾರು ಸಹಿ ಮಾಡ್ಯಾರ್ರಿ ಸಾಹೇಬ್ರ?"

"ಅದು ದಿಲ್ಲಿಯಿಂದ ಬಂದ ಕಾನೂನು ಅಜ್ಜಿ. ಇಡೀ ದೇಶಕ್ಕೇ ಐತಿ."

"ದೇಶದ್ದಿರಲಿ. ಈ ಗಾಡಿಗೆ ಯಾರು ಸಹಿ ಮಾಡ್ಯಾರ?"

ಸಾಹೇಬರು ನಕ್ಕರು. ಹಿಂದಿದ್ದವರೂ ನಕ್ಕರು. ನಾನೂ ನಕ್ಕೆನೇನೋ.

ಈ ಸಹಿಯ ಹುಚ್ಚು ದೊಡ್ಡವ್ವನಿಗೆ ಹೇಗೆ ಹತ್ತಿತು ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ದೊಡ್ಡಪ್ಪ ತೀರಿಕೊಂಡ ವರ್ಷ, ವಾರಸಾ ಮಾಡಿಸುವ ಕಾಗದ ಎಂದು ಹೇಳಿ ಸಂಬಂಧಿಕರೊಬ್ಬರು ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೆರೆ ಕೆಳಗಿನ ಎರಡು ಎಕರೆ ಹೋಯಿತು. ಅಂದಿನಿಂದ ಆಕೆ ಓದಿಸದೆ ಯಾವ ಕಾಗದಕ್ಕೂ ಬೆರಳು ತಾಗಿಸುವುದಿಲ್ಲ. ಆಕೆಯ ತರ್ಕ ಸರಳ: ಯಾವುದೇ ವಸ್ತು ಕೈಬಿಟ್ಟು ಹೋಗಿದ್ದರೆ ಎಲ್ಲೋ ಒಂದು ಕಾಗದ ಇರಬೇಕು, ಅದರ ಬುಡದಲ್ಲಿ ಯಾರದೋ ಬೆರಳಿರಬೇಕು. "ನನ್ನ ಹೆಬ್ಬೆಟ್ಟಿಲ್ಲದ ನನ್ನ ಹೊಲ ಹೋಗಲಿಲ್ಲ. ಅಂಥಾದ್ದು ಅಷ್ಟು ದೊಡ್ಡ ಗಾಡಿ ಸುಮ್ ಸುಮ್ನ ಹೋಗತೈತೇನು?"

ಊರಿನ ಅರ್ಜಿಗಳನ್ನೆಲ್ಲ ಬರೆಯುವವನು ನಾನು. ಆಕೆ ನನ್ನ ಬೆನ್ನು ಬಿಡಲಿಲ್ಲ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಕೇಳೋಣವೆಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಮಿತಿ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ಮೂವತ್ತು ವರ್ಷ ಮಕ್ಕಳಿಗೆ ನಿಬಂಧ ಬರೆಸಿದವನಿಗೆ ಇದು ಕಷ್ಟವಾಗಬಾರದಿತ್ತು. ಮೊದಲ ಕರಡಿನಲ್ಲಿ ಎತ್ತು, ಬಣವಿ, ಗಾಳಿ ಎಲ್ಲ ಬಂದು 400 ಪದ ದಾಟಿತು. ದೊಡ್ಡವ್ವ ಓದಿಸಿಕೊಂಡು, "ಇಷ್ಟ್ಯಾಕ? ಯಾರು ಸಹಿ ಮಾಡ್ಯಾರ ಅಂತ ಕೇಳು ಸಾಕು" ಎಂದಳು. ಹಾಗೇ ಬರೆದೆ. ವಾಹನದ ಬಳಕೆ ನಿಲ್ಲಿಸಿದ ಆದೇಶದ ಪ್ರತಿ, ಬದಲಿ ವಾಹನ ಕೊಟ್ಟ ಆದೇಶದ ಪ್ರತಿ, ಎರಡಕ್ಕೂ ಸಹಿ ಹಾಕಿದ ಅಧಿಕಾರಿಯ ಹುದ್ದೆ. ಅರವತ್ತು ಪದದಲ್ಲಿ ಮುಗಿಯಿತು.

ಮೂವತ್ತು ದಿನದೊಳಗೆ ಬರಬೇಕಾದ ಉತ್ತರ ಮೇಲ್ಮನವಿ ಹಾಕಿದ ಮೇಲೆ ಬಂತು. ಕೇಂದ್ರದ ಹೆದ್ದಾರಿ ಸಚಿವಾಲಯ 2023ರ ಜನವರಿ 16ರಂದು ಅಧಿಸೂಚನೆ ಹೊರಡಿಸಿ, ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ಏಪ್ರಿಲ್ 1ರಿಂದ ಮುಂದುವರಿಯದು ಎಂದಿತ್ತು. ಸೇನೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹೊಗೆ ಕಾರುವ ಹಳೆಯ ವಾಹನ ಹೋಗಲಿ ಎಂಬುದು ಉದ್ದೇಶ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಬೆಂಕಿಯ ಗಾಡಿ ದಿನವೂ ಓಡುವ ಬಸ್ಸಲ್ಲ. ಹದಿನೈದು ವರ್ಷ ತುಂಬಿದರೂ ಎಷ್ಟೋ ಗಾಡಿಗಳ ಎಂಜಿನ್ ಹರೆಯದಲ್ಲೇ ಇರುತ್ತದೆ, ಯಾಕೆಂದರೆ ಅವು ಹೆಚ್ಚು ಹೊತ್ತು ಕಾಯುತ್ತ ನಿಂತವು. ನೋಂದಣಿ ಇಲ್ಲವೆಂದರೆ ವಿಮೆ ಇಲ್ಲ, ವಿಮೆ ಇಲ್ಲದ ಗಾಡಿ ದಾರಿಯಲ್ಲಿ ಯಾರಿಗಾದರೂ ತಾಗಿದರೆ ಜೈಲಿಗೆ ಹೋಗುವವನು ಚಾಲಕ. ಹೀಗೆ ರಾಜ್ಯದ ಹಲವು ತಾಲ್ಲೂಕು ಠಾಣೆಗಳಲ್ಲಿ ಗಾಡಿಗಳು ಶೆಡ್ಡಿನಲ್ಲೇ ಉಳಿದವು. ಸಿಬ್ಬಂದಿ ಇದ್ದರು, ಬೋರ್ಡು ಇತ್ತು, ಫೋನ್ ಎತ್ತುತ್ತಿದ್ದರು. ಅದೇ ವರ್ಷದ ಮಳೆಗಾಲದಲ್ಲಿ, ಹದಿನೈದನೇ ಹಣಕಾಸು ಆಯೋಗದ ಮಾತಿನಂತೆ, ರಾಜ್ಯಗಳ ಅಗ್ನಿಶಾಮಕ ಸೇವೆ ಬಲಪಡಿಸಲು ಕೇಂದ್ರ 5000 ಕೋಟಿ ರೂಪಾಯಿಯ ಯೋಜನೆಯನ್ನೂ ಸಾರಿತು. ಗಾಡಿ ನಿಲ್ಲಿಸುವ ತಾರೀಖು ಚೈತ್ರಕ್ಕೆ, ದುಡ್ಡಿನ ಮಾತು ಆಷಾಢಕ್ಕೆ. ಆ ಎರಡರ ನಡುವೆ, ಆಮೇಲೂ, ಎಷ್ಟು ಬಣವಿ ಎಂದು ಯಾರು ಎಣಿಸಿದರು?

ನನ್ನ ಅರ್ಜಿಯ ಮೊದಲ ಪ್ರಶ್ನೆಗೆ ಸುತ್ತೋಲೆಯ ಪ್ರತಿ ಸಿಕ್ಕಿತು, ಸಹಿ ಸಮೇತ. ಬದಲಿ ವಾಹನದ ಪ್ರಶ್ನೆಯ ಎದುರಿಗೆ "ಅನ್ವಯಿಸುವುದಿಲ್ಲ" ಎಂದು ಬರೆದಿತ್ತು.

ಓದಿ ಹೇಳಿದೆ. ದೊಡ್ಡವ್ವ ಬಹಳ ಹೊತ್ತು ಸುಮ್ಮನಿದ್ದಳು. "ಅಂದ್ರ, ಒಯ್ಯಾಕ ಸಹಿ ಐತಿ. ತರಾಕ ಯಾರ ಸಹೀನೂ ಇಲ್ಲ."

ಆ ವಾರ ಲಂಡನ್ನಿನಲ್ಲಿರುವ ತಂಗಿಯ ಮಗ ಫೋನ್ ಮಾಡಿದ್ದ. ಅವನಿಗೂ ಇದನ್ನೆಲ್ಲ ಹೇಳಿದೆ. ಅವನು ಅಲ್ಲಿಯ ಕಥೆ ಹೇಳಿದ. ಅಲ್ಲಿ 2014ರ ಜನವರಿ 9ರಂದು ಒಂದೇ ದಿನ ಹತ್ತು ಅಗ್ನಿಶಾಮಕ ಠಾಣೆ ಮುಚ್ಚಿದರಂತೆ. ಅದರಲ್ಲೊಂದು ಕ್ಲರ್ಕನ್‌ವೆಲ್‌ನದು, 1872ರಿಂದ ಇದ್ದದ್ದು. ಮುಚ್ಚುವ ಯೋಜನೆ ಆಗಿನ ಮೇಯರ್ ಬೋರಿಸ್ ಜಾನ್ಸನ್ ಅವರದು. ತುಂಬಿದ ಸಭೆಯಲ್ಲಿ ಸದಸ್ಯನೊಬ್ಬ ಅದರ ಬಗ್ಗೆ ಪ್ರಶ್ನೆ ಹಾಕಿದ್ದಕ್ಕೆ ಮೇಯರ್ ಒರಟಾಗಿ ಒಂದು ಮಾತು ಅಂದುಬಿಟ್ಟರಂತೆ. ಏಳು ಸ್ಥಳೀಯ ಸಂಸ್ಥೆಗಳು ಹೈಕೋರ್ಟಿಗೆ ಹೋದವು, ಸೋತವು. ಮುಂದೆ ಅದೇ ಜಾನ್ಸನ್ ಪ್ರಧಾನಿಯೂ ಆದರು. ಆದರೂ ಇಂದಿಗೂ ಲಂಡನ್ನಿನಲ್ಲಿ ದೊಡ್ಡ ಬೆಂಕಿ ಬಿದ್ದಾಗಲೆಲ್ಲ ಜನ ಆ ಹತ್ತು ಠಾಣೆಗಳನ್ನು ಹೆಸರು ಹಿಡಿದು ನೆನೆಯುತ್ತಾರೆ, ಆ ಮೇಯರನ್ನೂ ಹೆಸರು ಹಿಡಿದೇ ಬಯ್ಯುತ್ತಾರೆ ಎಂದ.

ನನಗೆ ಒಂದು ತರಹದ ಹೊಟ್ಟೆಕಿಚ್ಚಾಯಿತು, ನಗಬೇಡಿ. ಅವರಿಗೆ ಮುಚ್ಚಿದ ಬಾಗಿಲು ಇತ್ತು, ತಾರೀಖಿತ್ತು, ಹೆಸರಿತ್ತು. ಬಾಗಿಲ ಮುಂದೆ ನಿಂತು ಕೂಗಬಹುದಿತ್ತು. ನಮ್ಮಲ್ಲಿ ಬಾಗಿಲು ತೆರೆದೇ ಇತ್ತು, ಒಳಗೆ ಗಾಡಿಯೂ ಇತ್ತು, ದಿನಾ ಒರೆಸುತ್ತಿದ್ದರು. ಮುಚ್ಚದ ಠಾಣೆಯ ಮುಂದೆ ಏನೆಂದು ಕೂಗುವುದು? ಯಾರ ಹೆಸರು ಹಿಡಿಯುವುದು? ದಿಲ್ಲಿ ನಿಯಮ ಮಾಡಿತು, ಬೆಂಗಳೂರು ಸುತ್ತೋಲೆ ಕಳಿಸಿತು, ಜಿಲ್ಲೆ ಪಾಲಿಸಿತು. ಎಲ್ಲರ ಕೈಯೂ ಸ್ವಚ್ಛ. ಸಾಹೇಬರಂತೂ ಐದು ಸಾವಿರ ಬೇರೆ ಕೊಟ್ಟಿದ್ದರು.

ದಾರಿ ಹುಡುಕಿದ್ದು ದೊಡ್ಡವ್ವನೇ. ಆರು ತಿಂಗಳಿಗೊಮ್ಮೆ ಆಗುವ ಗ್ರಾಮಸಭೆ ಹತ್ತಿರ ಬಂದಿತ್ತು. ಗ್ರಾಮಸಭೆ ಎಂದರೆ ನಿಮಗೆ ಗೊತ್ತಲ್ಲ, ಮನೆ ಯಾರಿಗೆ, ದನದ ಕೊಟ್ಟಿಗೆ ಯಾರಿಗೆ ಎಂಬಲ್ಲಿ ಶುರುವಾಗಿ ಜಗಳದಲ್ಲಿ ಮುಗಿಯುತ್ತದೆ. ಆ ಸಲ ಆಕೆ ಸಾಲಿನಲ್ಲಿ ಕೊಡ ಹೊತ್ತಿದ್ದ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಮುಂದೆ ಕೂರಿಸಿದಳು. ಬದಲಿ ಗಾಡಿ ಬರುವವರೆಗೆ ಹತ್ತಿರದ ಠಾಣೆಗೆ ಬೇರೆ ಗಾಡಿ ಕೊಡಬೇಕು ಎಂದು ಠರಾವು ಆಯಿತು. ಕೆಳಗೆ ಸಹಿ, ಹೆಬ್ಬೆಟ್ಟು ಬಿದ್ದವು. ಎಲ್ಲರಿಗೂ ಮುಗಿಯಿತು ಎನಿಸಿದಾಗ ಆಕೆ ಇನ್ನೊಂದು ಮಾತು ಸೇರಿಸಿದಳು: ಇದನ್ನು ಸಾಹೇಬರಿಗೆ ಓದಿ ಹೇಳಬೇಕು, ಓದಿದ್ದನ್ನು ಕೇಳಿದೆ ಎಂದು ಅವರೂ ಸಹಿ ಹಾಕಬೇಕು. ಮಾಡುತ್ತೇನೆ ಎಂದಲ್ಲ, ಕೇಳಿದೆ ಎಂದು.

ಪಂಚಾಯಿತಿಯವರಿಗೆ ಇದು ಕಾಯ್ದೆಯಲ್ಲಿ ಎಲ್ಲೂ ಕಾಣಲಿಲ್ಲ. ಬೇಡ ಎಂದೂ ಎಲ್ಲೂ ಬರೆದಿರಲಿಲ್ಲ.

ತಿಂಗಳ ಮೇಲೆ ಸಿಸಿ ರಸ್ತೆಯ ಭೂಮಿಪೂಜೆಗೆ ಸಾಹೇಬರು ಬಂದರು. ಹಾರ, ತುರಾಯಿ, ಡೊಳ್ಳು. ತೆಂಗಿನಕಾಯಿ ಒಡೆದು ಗುದ್ದಲಿ ಎತ್ತುವ ಮುನ್ನ ದೊಡ್ಡವ್ವ ನನ್ನ ಕೈಯಲ್ಲಿ ಠರಾವು ಪುಸ್ತಕ ಕೊಟ್ಟು "ಓದು" ಎಂದಳು. ನನ್ನ ಕಾಲು ನಡುಗಿದ್ದನ್ನು ಮಕ್ಕಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಓದಿದೆ. ಒಂದು ತಾಸು ಹತ್ತು ನಿಮಿಷ ಎಂಬ ಮಾತು ಬಂದಾಗ ಡೊಳ್ಳಿನವರೂ ನಿಲ್ಲಿಸಿದರು. ಸಾಹೇಬರ ಸಂಗಡ ಬಂದಿದ್ದವನೊಬ್ಬ ಮುಂದೆ ಬಂದು, "ಆಫೀಸಿಗೆ ಕಳಸ್ರಿ, ಆಮ್ಯಾಲ ನೋಡೂಣು" ಎಂದ. ದೊಡ್ಡವ್ವ ಅವನ ಕಡೆ ನೋಡಲೂ ಇಲ್ಲ.

"ಸಾಹೇಬ್ರ, ನಾ ನಿಮಗ ಗಾಡಿ ಕೊಡ್ರಿ ಅನ್ನಾಕತ್ತಿಲ್ಲ. ಕೇಳಿದ್ದು ಖರೆ ಅಂತ ಒಂದು ಸಹಿ. ನಮ್ಮ ಹೆಬ್ಬೆಟ್ಟು ಆಗಲೇ ಬಿದ್ದಾವು."

ನೂರಾರು ಜನ, ಎಲ್ಲರ ಕೈಯಲ್ಲೂ ಮೊಬೈಲ್. ಸಾಹೇಬರು ಕಿಸೆಯಿಂದ ಪೆನ್ನು ತೆಗೆದು ಸಹಿ ಹಾಕಿದರು. ದೊಡ್ಡವ್ವ ಪುಸ್ತಕವನ್ನು ತಿರುಗಿಸಿ ಹಿಡಿದು ನೋಡಿ, "ತಾರೀಕು" ಎಂದಳು. ತಾರೀಖನ್ನೂ ಬರೆದರು. ಆ ಸಹಿ ಹೇಗಿತ್ತೆಂದರೆ ಕೋಳಿ ಕೆದರಿದ ಹಾಗೆ. ಅದು ಯಾವ ಭಾಷೆ ಎಂಬುದರ ಬಗ್ಗೆ ಇವತ್ತಿಗೂ ಕಟ್ಟೆಯ ಮೇಲೆ ಚರ್ಚೆ ನಡೆಯುತ್ತದೆ. "ಅದಕ್ಕಿಂತ ನನ್ನ ಹೆಬ್ಬೆಟ್ಟು ಚಂದ ಕಾಣತೈತಿ" ಎನ್ನುತ್ತಾಳೆ ದೊಡ್ಡವ್ವ.

ಆ ಹಾಳೆಯ ಐದು ಝೆರಾಕ್ಸ್ ತೆಗೆಸಿದೆವು. ಒಂದು ಜಿಲ್ಲಾಧಿಕಾರಿಗಳಿಗೆ, ಒಂದು ಇಲಾಖೆಗೆ, ಒಂದು ಸಾಹೇಬರಿಗೇ, ಒಂದು ಪತ್ರಿಕೆಯವರಿಗೆ, ಒಂದು ದೊಡ್ಡವ್ವನ ಟ್ರಂಕಿಗೆ. ಪತ್ರಿಕೆಯವರು ಹಾಕಲಿಲ್ಲ. ಸಾಹೇಬರ ಕಡೆಯಿಂದ ಮಾತ್ರ ಮೂರು ಸಲ ಫೋನ್ ಬಂತು. ಮೊದಲನೆಯದು, ಅದನ್ನು ಯಾರ್ಯಾರಿಗೆ ಕೊಟ್ಟಿದ್ದೀರಿ ಎಂದು. ಎರಡನೆಯದು, ಇನ್ಯಾರಿಗೂ ಕೊಡಬೇಡಿ ಎಂದು. ಮೂರನೆಯದು, ಗಾಡಿಯ ಬಗ್ಗೆ ಮಾತಾಡಿದ್ದೇವೆ ಎಂದು.

ಮುಂದಿನ ಬೇಸಿಗೆಯ ಹೊತ್ತಿಗೆ ಆ ಠಾಣೆಗೆ ಹೊಸ ಗಾಡಿ ಬಂತು. ನಮ್ಮ ಕಾಗದದಿಂದ ಬಂತು ಎಂದು ನಾನು ಹೇಳುವುದಿಲ್ಲ. ಹೇಗೂ ಸರದಿಯಲ್ಲಿ ಬರುವುದಿತ್ತು ಎಂದು ಇಲಾಖೆಯ ಪರಿಚಯದವರೊಬ್ಬರು ಹೇಳಿದರು, ಅದೂ ನಿಜವಿರಬಹುದು. ಸಾಹೇಬರು ರಿಬ್ಬನ್ ಕತ್ತರಿಸಿದ ಫೋಟೋ ಎಲ್ಲ ಕಡೆ ಬಂತು. ಅದರಲ್ಲಿ ಹುಬ್ಬು ಸುಟ್ಟುಕೊಂಡಿದ್ದ ಹುಡುಗ ಮೂಲೆಯಲ್ಲಿ ನಿಂತಿದ್ದ, ಹುಬ್ಬು ಮತ್ತೆ ಬಂದಿತ್ತು.

ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ. ಆ ತಾರೀಖಿಗೆ ಕಾರಣ 1944ರಲ್ಲಿ ಮುಂಬಯಿ ಬಂದರಿನಲ್ಲಿ ಸಿಡಿದ ಫೋರ್ಟ್ ಸ್ಟಿಕೀನ್ ಹಡಗು. ಹತ್ತಿ ಬೇಲುಗಳನ್ನೂ ಸಿಡಿಮದ್ದನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಬೆಂಕಿ ಆರಿಸಲು ಹೋದ 66 ಮಂದಿ ಸತ್ತರು. ಹತ್ತಿ ಒಳಗೊಳಗೇ ಹೇಗೆ ಉರಿಯುತ್ತದೆ ಎಂಬುದನ್ನು ಗದಗ ಸೀಮೆಯವರಿಗೆ ಬೇರೆ ವಿವರಿಸಬೇಕಿಲ್ಲ. ಆ ವಾರ ಅದೇ ಠಾಣೆಯವರು ನಮ್ಮ ಶಾಲೆಯ ಬಯಲಿಗೆ ಗಾಡಿ ತಂದು ಪ್ರಾತ್ಯಕ್ಷಿಕೆ ತೋರಿಸಿದರು. ಮಕ್ಕಳ ಕೈಗೆ ಪೈಪು ಕೊಟ್ಟರು. ಮಕ್ಕಳು ಮೊದಲು ತೋಯಿಸಿದ್ದು ಹೆಡ್‌ಮಾಸ್ತರರನ್ನು.

ದೊಡ್ಡವ್ವ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಕೆಂಪು ಬಣ್ಣವನ್ನು ಮುಟ್ಟಿ ನೋಡಿದಳು. ಆಮೇಲೆ ಚಾಲಕನ ಹತ್ತಿರ ಹೋಗಿ, "ಇದರ ಕಾಗದ ಎಲ್ಲಿ ಯಪ್ಪಾ?" ಎಂದಳು. ಅವನು ತಮಾಷೆ ಎಂದುಕೊಂಡ. ಹುಬ್ಬಿನ ಹುಡುಗ ಅವನ ಕಿವಿಯಲ್ಲಿ ಏನೋ ಹೇಳಿದ. ಚಾಲಕ ಬಾಗಿಲು ತೆಗೆದು ಒಳಗಿನಿಂದ ಆರ್‌ಸಿ ತಂದು ಕೊಟ್ಟ. ದೊಡ್ಡವ್ವ ಸೆರಗಿನೊಳಗಿಂದ ಮಡಚಿದ ಝೆರಾಕ್ಸ್ ತೆಗೆದು ಅದರ ಹಿಂಬದಿಯನ್ನು ಮೊಮ್ಮಗನ ಮುಂದೆ ಹಿಡಿದಳು.

"ಬರಿ. ಯಾವಾಗ ಹುಟ್ಟೇತಿ ಇದು?"

ಮೊಮ್ಮಗ ಗಾಡಿಯ ಬಾನೆಟ್ಟಿಗೆ ಕಾಗದ ಒರಗಿಸಿ ನೋಂದಣಿಯ ತಾರೀಖು ಬರೆದ. ಅದರ ಕೆಳಗೆ 15 ಎಂದು ಬರೆದು, ಗೆರೆ ಎಳೆದು, ಕೂಡಿಸತೊಡಗಿದ.